ಕಪ್ಪು ಗೆರೆ ಶತ್ರುವಲ್ಲ, ಗ್ರಾಫಿಕ್ಸ್ ಕಾರ್ಡ್ ದೇವರಲ್ಲ!

ಮನೆಯ ಕಂಪ್ಯೂಟರಿನಲ್ಲಿ ಸಿನಿಮಾ ಚೆನ್ನಾಗಿ ಕಾಣಬೇಕೆ? ಜೇಬಿಗೆ ಕೈ ಹಾಕುವ ಮೊದಲು ಇದನ್ನೊಮ್ಮೆ ಓದಿ!

ಚಿತ್ರರಸಿಕ ಗೆಳೆಯರೇ, ಥಿಯೇಟರಿನಲ್ಲಿ ಪರದೆಯ ಮೇಲೆ ಚಿತ್ರ ಒಂದಿಷ್ಟು ಮಸುಕಾದರೆ ಸಾಕು, ನಾವು ಏನು ಮಾಡ್ತೀವಿ? ಸೀಟಿನಿಂದ ಎದ್ದು, ಹಿಂದಕ್ಕೆ ತಿರುಗಿ, "ಏಯ್... ಫೋಕಸ್ಸೋ!" ಅಂತ ಕೂಗ್ತೀವಿ. ಶಿಳ್ಳೆ ಹೊಡೀತೀವಿ. ಕ್ಯಾಬಿನ್ನಿನಲ್ಲಿ ಕೂತ ಆಪರೇಟರ್ ಲೆನ್ಸ್ ತಿರುಗಿಸಿ ಸರಿ ಮಾಡುವವರೆಗೂ ಬಿಡೋದಿಲ್ಲ. ಕೊಟ್ಟ ಕಾಸಿಗೆ ಅಷ್ಟೂ ಹಕ್ಕಿಲ್ಲವೇ?

ಅದೇ ನಾವು ಮನೆಗೆ ಬಂದು ಕಂಪ್ಯೂಟರ್ ಮುಂದೆ ಕೂತರೆ? ಆರಡಿ ಹೀರೋ ಕುಳ್ಳಗೆ, ದಪ್ಪಗೆ ಕಾಣ್ತಾನೆ. ನಾಯಕಿಯ ಮುಖ ಕಾಮಾಲೆ ಬಂದವರ ಹಾಗೆ ಹಳದಿ. ರಾತ್ರಿಯ ಸೀನಿಗೆ ಯಾರೋ ಬೂದಿ ಬಳಿದಿದ್ದಾರೆ. ಕಾರ್ ಚೇಸ್ ಬಂದರೆ ಚಿತ್ರ ಬಿಕ್ಕಳಿಸುತ್ತದೆ. ಆದರೂ ನಾವು ತೆಪ್ಪಗೆ ನೋಡ್ತೀವಿ. ಕೂಗೋಣ ಅಂದ್ರೆ ಹಿಂದುಗಡೆ ಕ್ಯಾಬಿನ್ನೇ ಇಲ್ಲ. ಯಾಕೆ ಹೇಳಿ? ಮನೆಯಲ್ಲಿ ಆಪರೇಟರ್ ನೀವೇ ಸ್ವಾಮಿ, ನೀವೇ!

ಈ ಮಾತನ್ನು ಯಾರೂ ಹೇಳಿಕೊಡುವುದಿಲ್ಲ. ಅಂಗಡಿಗೆ ಹೋಗಿ ಕೇಳಿದರೆ ಒಂದೇ ಮಂತ್ರ: "ಗ್ರಾಫಿಕ್ಸ್ ಕಾರ್ಡ್ ಹಾಕ್ಸಿ ಬ್ರದರ್, ಪಿಕ್ಚರ್ ಕಣ್ಣಿಗೆ ಹೊಡೆಯುತ್ತೆ." ನಾನೂ ಸೆಕೆಂಡ್ ಹ್ಯಾಂಡ್ ಆಫೀಸ್ ಕಂಪ್ಯೂಟರಿನಲ್ಲೇ ಬರೆಯುವವನು, ಅದರಲ್ಲೇ ಸಿನಿಮಾ ನೋಡುವವನು. ಗೇಮ್ ಆಡುವವರಿಗೆ ಕಾರ್ಡ್ ಬೇಕು, ಒಪ್ಪೋಣ. ಸಿನಿಮಾ ಓಡಿಸಲು ಬೇಕಾದ ಶಕ್ತಿ ಈಚಿನ ಹತ್ತು ವರ್ಷದ ಬಹುತೇಕ ಕಂಪ್ಯೂಟರುಗಳ ಒಳಗಿನ ಚಿಪ್ಪಿನಲ್ಲೇ ಇದೆ. ಕೆಡುವುದು ಬೇರೆ ಕಡೆ. ಎಲ್ಲೆಲ್ಲಿ ಕೆಡುತ್ತದೆ, ಕಾಸು ಖರ್ಚಿಲ್ಲದೆ ಹೇಗೆ ಸರಿ ಮಾಡಬಹುದು, ಎಲ್ಲಿ ಏನು ಮಾಡಿದರೂ ಸರಿಯಾಗುವುದಿಲ್ಲ — ಒಂದೊಂದಾಗಿ ನೋಡೋಣ ಬನ್ನಿ.

ಮೊದಲು ಡಬ್ಬಿಯೊಳಗೆ ಏನಿದೆ ನೋಡಿ

ಆಪರೇಟರ್ ಆದವನು ರೀಲು ಬಂದ ತಕ್ಷಣ ಮೆಷಿನ್ನಿಗೆ ಏರಿಸುತ್ತಿರಲಿಲ್ಲ. ಬಿಚ್ಚಿ, ಬೆರಳಲ್ಲಿ ಸವರಿ, ಎಲ್ಲಿ ಹರಿದಿದೆ, ಎಲ್ಲಿ ಅಂಟಿಸಿದೆ ನೋಡುತ್ತಿದ್ದ. ನಾವೂ ಹಾಗೇ ಮಾಡಬೇಕು. ವಿಎಲ್‌ಸಿ ಪ್ಲೇಯರ್ ಎಲ್ಲರ ಹತ್ತಿರವೂ ಇದೆ, ಪುಕ್ಕಟೆ. ಸಿನಿಮಾ ಓಡುತ್ತಿರುವಾಗ ಕಂಟ್ರೋಲ್ ಒತ್ತಿಹಿಡಿದು 'ಜೆ' ಅಕ್ಷರ ಒತ್ತಿ. ಚಿತ್ರದ ಅಗಲ ಎಷ್ಟು, ಎತ್ತರ ಎಷ್ಟು, ಸೆಕೆಂಡಿಗೆ ಎಷ್ಟು ಫ್ರೇಮು, ಎಲ್ಲ ಜಾತಕ ಹೊರಗೆ ಬರುತ್ತದೆ. ಇನ್ನೂ ವಿವರ ಬೇಕಾದರೆ ಮೀಡಿಯಾ ಇನ್ಫೋ ಎಂಬ ಇನ್ನೊಂದು ಪುಕ್ಕಟೆ ತಂತ್ರಾಂಶವಿದೆ.

ಈಗ ಒಂದು ಸಣ್ಣ ಲೆಕ್ಕ. ಪಿಯುಸಿ ಅರ್ಧಕ್ಕೆ ಬಿಟ್ಟ ನನಗೇ ಅರ್ಥವಾದ ಮೇಲೆ ನಿಮಗೆ ಆಗದೇ ಇರುತ್ತದೆಯೇ? ನಮ್ಮಲ್ಲಿ ಮಾರುತ್ತಿದ್ದ ವಿಸಿಡಿಯಲ್ಲಿ ಚಿತ್ರದ ಅಳತೆ 352 ಚುಕ್ಕೆ ಅಗಲ, 288 ಚುಕ್ಕೆ ಎತ್ತರ. ಗುಣಿಸಿದರೆ ಸುಮಾರು 1 ಲಕ್ಷ ಚುಕ್ಕೆ. ಡಿವಿಡಿ 720 ಬೈ 576. ಸುಮಾರು 4 ಲಕ್ಷ. ಬ್ಲೂ-ರೇ 1920 ಬೈ 1080. ಸುಮಾರು 20 ಲಕ್ಷ! ಅಂದರೆ ನಿಮ್ಮ ಫುಲ್ ಎಚ್‌ಡಿ ತೆರೆಯ ಮೇಲೆ ವಿಸಿಡಿ ಹಾಕಿದರೆ, ಒಂದು ಚುಕ್ಕೆಯನ್ನು ಎಳೆದು ಇಪ್ಪತ್ತು ಚುಕ್ಕೆಯ ಜಾಗ ತುಂಬಿಸಬೇಕು. ಒಬ್ಬನ ಊಟವನ್ನು ಇಪ್ಪತ್ತು ಜನಕ್ಕೆ ಬಡಿಸಿದ ಹಾಗೆ!

ಚುಕ್ಕೆಯ ಲೆಕ್ಕ ಒಂದೇ ಸಾಲದು. ಫೈಲಿನ ಹೆಸರಿನಲ್ಲಿ 1080 ಅಂತ ಬರೆದ ಮಾತ್ರಕ್ಕೆ ಚಿತ್ರ 1080 ಆಗಿಬಿಡುವುದಿಲ್ಲ. ವಿಸಿಡಿಯನ್ನೇ ಎಳೆದು ದೊಡ್ಡದು ಮಾಡಿ, ಹೊಸ ಹೆಸರಿಟ್ಟು ಬಿಟ್ಟವರು ಬೇಕಾದಷ್ಟಿದ್ದಾರೆ. ಮೂರು ಗಂಟೆಯ ಸಿನಿಮಾವನ್ನು 700 ಎಂಬಿಗೆ ಒತ್ತಿ ತುಂಬಿದರೆ ಹೊಗೆ, ಮಳೆ, ಕುಣಿತ ಬಂದ ಕಡೆಯೆಲ್ಲ ಚಿತ್ರ ಚೌಕ ಚೌಕವಾಗಿ ಒಡೆಯುತ್ತದೆ. ಯೂಟ್ಯೂಬಿನಲ್ಲಿ ನೋಡುವವರು ಹಲ್ಲುಚಕ್ರದ ಗುರುತು ಒತ್ತಿ, 'ಆಟೋ' ಬಿಟ್ಟು, ಇರುವುದರಲ್ಲಿ ದೊಡ್ಡ ಅಂಕಿ ಆರಿಸಿ. ಇನ್ನು ಥಿಯೇಟರಿನಲ್ಲಿ ಫೋನ್ ಹಿಡಿದು ಕದ್ದ ಪ್ರಿಂಟೋ... ಅದನ್ನು ಬ್ರಹ್ಮ ಬಂದರೂ ಸರಿ ಮಾಡಲಾರ. ನಿಮ್ಮ ಮೆಚ್ಚಿನ ನಟನಿಗೂ ದ್ರೋಹ, ನಿಮ್ಮ ಕಣ್ಣಿಗೂ ದ್ರೋಹ. ಬಿಟ್ಟುಬಿಡಿ.

ಚಕ್ರ ಗುಂಡಗಿದೆಯೇ?

ಎರಡನೆಯ ಪರೀಕ್ಷೆ ಆಕಾರದ್ದು. ಚಿತ್ರದಲ್ಲಿ ಕಾರಿನ ಚಕ್ರವೋ, ಹುಣ್ಣಿಮೆ ಚಂದ್ರನೋ, ನಾಯಕಿಯ ಹಣೆಯ ಬೊಟ್ಟೋ ನೇರವಾಗಿ ಕಾಣುವ ಕಡೆ ನಿಲ್ಲಿಸಿ ನೋಡಿ. ಗುಂಡಗಿದ್ದರೆ ಸರಿ. ಮೊಟ್ಟೆಯ ಹಾಗಿದ್ದರೆ ಮೋಸ!

ಹಳೆಯ ಕನ್ನಡ ಚಿತ್ರಗಳಲ್ಲಿ ಬಹುಪಾಲು ಹಳೆ ಟಿವಿಯ ಹಾಗೆ ಚೌಕಕ್ಕೆ ಹತ್ತಿರದ ಆಕಾರದವು. ನಾಲ್ಕಕ್ಕೆ ಮೂರರ ಲೆಕ್ಕ. ಈಗಿನ ತೆರೆ ಹದಿನಾರಕ್ಕೆ ಒಂಬತ್ತು. ಅದನ್ನು ಇದಕ್ಕೆ ಎಳೆದು ಕೂರಿಸಿದರೆ ಎಲ್ಲರೂ ಮೂರನೇ ಒಂದು ಭಾಗದಷ್ಟು ದಪ್ಪಗಾಗುತ್ತಾರೆ. ವಿಎಲ್‌ಸಿಯಲ್ಲಿ 'ಎ' ಅಕ್ಷರ ಒತ್ತುತ್ತಾ ಹೋದರೆ ಆಕಾರ ಬದಲಾಗುತ್ತಾ ಹೋಗುತ್ತದೆ. ಚಕ್ರ ಗುಂಡಗಾದ ಕಡೆ ನಿಲ್ಲಿಸಿ. ಅಷ್ಟೇ ಕೆಲಸ! ಎಡಬಲದಲ್ಲಿ ಕಪ್ಪು ಉಳಿಯುತ್ತದೆ, ಉಳಿಯಲಿ ಬಿಡಿ.

ಇನ್ನು ಸ್ಕೋಪ್ ಚಿತ್ರಗಳು. 1959ರ 'ಕಾಗಜ್ ಕೆ ಫೂಲ್' ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರ. ಕನ್ನಡಕ್ಕೆ ಸ್ಕೋಪ್ ಬಂದದ್ದು 1977ರಲ್ಲಿ, 'ಸೊಸೆ ತಂದ ಸೌಭಾಗ್ಯ'ದ ಮೂಲಕ. ಇವುಗಳ ಅಗಲ ಎತ್ತರದ 2.35 ಪಟ್ಟು. ಹಾಗಾಗಿ ನಿಮ್ಮ ತೆರೆಯ ಮೇಲೆ ಮೇಲೆ ಕೆಳಗೆ ಕಪ್ಪು ಪಟ್ಟಿ ಬರಲೇಬೇಕು; ಎರಡೂ ಸೇರಿ ತೆರೆಯ ಎತ್ತರದಲ್ಲಿ ಸುಮಾರು ಕಾಲು ಭಾಗ. ನಮ್ಮ ಹುಡುಗರಿಗೆ ಈ ಪಟ್ಟಿ ಕಂಡರೆ ಆಗೋದಿಲ್ಲ. "ದುಡ್ಡು ಕೊಟ್ಟು ದೊಡ್ಡ ಮಾನಿಟರ್ ತಂದಿದೀನಿ, ಕಾಲು ಭಾಗ ಖಾಲಿ ಯಾಕೆ ಬಿಡ್ಲಿ?" ಅಂತ ಜೂಮ್ ಮಾಡ್ತಾರೆ. ಪಟ್ಟಿ ಹೋಗುತ್ತದೆ, ನಿಜ. ಅದರ ಜೊತೆ ಎಡಬಲದಲ್ಲಿ ಚಿತ್ರದ ಅಗಲದ ಸುಮಾರು ಕಾಲು ಭಾಗವೂ ಹೋಗುತ್ತದೆ!

ಹೋದರೆ ಏನಾಯಿತು ಅಂತೀರಾ? ಕೇಳಿ.

ಎಡಗಡೆಯಿಂದ ಮೂರನೆಯವರು

ನನ್ನ ಗೆಳೆಯನೊಬ್ಬ ಇದ್ದಾನೆ. ಮೊಬೈಲ್ ಬಿಡಿಭಾಗದ ಅಂಗಡಿಯಲ್ಲಿ ಕೆಲಸ. ಅವನ ತಂದೆ ಎಂಬತ್ತರ ದಶಕದಲ್ಲಿ ಗಾಂಧಿನಗರದಲ್ಲಿ ಜೂನಿಯರ್ ಆರ್ಟಿಸ್ಟ್ ಆಗಿದ್ದವರು. ಗುಂಪಿನಲ್ಲಿ ಗೋವಿಂದ ಅನ್ನುವ ಪಾತ್ರಗಳು. ಒಂದು ಸ್ಕೋಪ್ ಚಿತ್ರದ ಜಾತ್ರೆಯ ಹಾಡಿನಲ್ಲಿ ಮಾತ್ರ ಅವರು ತಮಟೆ ಹೊಡೆಯುತ್ತಾ ಎದ್ದು ಕಾಣುತ್ತಿದ್ದರಂತೆ. ಎಡಗಡೆಯಿಂದ ಮೂರನೆಯವರು. ಅವರು ತೀರಿಕೊಂಡಾಗ ಗೆಳೆಯ ನಾಲ್ಕನೇ ಕ್ಲಾಸು. ಮನೆಯಲ್ಲಿ ಇರುವುದು ಒಂದು ಮದುವೆ ಫೋಟೋ, ಒಂದು ಪಾಸ್‌ಪೋರ್ಟ್ ಫೋಟೋ. ಓಡಾಡುವ ಅಪ್ಪ ಇರುವುದು ಆ ಹಾಡಿನಲ್ಲಿ ಮಾತ್ರ.

ಅವನು ಎಲ್ಲಿಂದಲೋ ಆ ಚಿತ್ರದ ಫೈಲು ತಂದ. ಹೆಸರಿನಲ್ಲಿ 1080 ಎಂದಿತ್ತು. ಹಾಡು ಹಾಕಿದರೆ ಎಡ ಅಂಚಿನಲ್ಲಿ ಅರ್ಧ ತಮಟೆ, ಒಂದು ಕೈ. ಅಪ್ಪ ಇಲ್ಲ! ಇದ್ದವರ ಮುಖವೂ ಕಲೆಸಿದ ಹಿಟ್ಟಿನ ಹಾಗೆ. ಅಂಗಡಿಯವನು "ಕಾರ್ಡ್ ಹಾಕಿಸಿದರೆ ಎಲ್ಲ ಕ್ಲಿಯರ್ ಆಗುತ್ತೆ, 18,000 ಆಗುತ್ತೆ" ಅಂದಿದ್ದನಂತೆ. ಗೆಳೆಯ ಚೀಟಿ ಎತ್ತಲು ಹೊರಟಿದ್ದ. ಅವನ ಒಂದೂವರೆ ತಿಂಗಳ ಸಂಬಳ ಅದು.

"ಸ್ವಲ್ಪ ತಡಿ ಗುರು. ಮನೇಲಿ ಹಳೇ ವಿಸಿಡಿ ಏನಾದ್ರೂ ಇದೆಯಾ?" ಅಂದೆ.

"ಅಮ್ಮನ ಟ್ರಂಕಲ್ಲಿ ಇದೆ ಅನ್ಸುತ್ತೆ. ಆದ್ರೆ ಅದು ವಿಸಿಡಿ ಕಣೋ... ಇದು ಎಚ್‌ಡಿ ಅಲ್ವಾ?"

ತಂದ. ಡಿಸ್ಕಿನ ಮೇಲೆ ಗೀರು ಬಿದ್ದಿತ್ತು, ಆದರೂ ಓಡಿತು. ಮೇಲೆ ಕೆಳಗೆ ದಪ್ಪನೆಯ ಕಪ್ಪು ಪಟ್ಟಿ. ನಡುವೆ ಉದ್ದನೆಯ ಚಿತ್ರ, ಪೂರ್ತಿ ಅಗಲ. ಫೈಲು ಮಾಡಿದವರು ತೆರೆ ತುಂಬಿಸಲೆಂದು ಎರಡೂ ಪಕ್ಕ ಕತ್ತರಿಸಿ ಎಸೆದಿದ್ದರು. ಡಿಸ್ಕಿನಲ್ಲಿ ಕತ್ತರಿ ಬಿದ್ದಿರಲಿಲ್ಲ. ಜಾತ್ರೆ ಹಾಡು ಬಂತು. ಎಡಗಡೆಯಿಂದ ಒಂದು, ಎರಡು... ಮೂರನೆಯವರು ತಲೆಗೆ ಕೆಂಪು ವಸ್ತ್ರ ಸುತ್ತಿ, ಒಂದು ಕಾಲು ಮುಂದಿಟ್ಟು, ತಮಟೆಯನ್ನು ಭುಜದವರೆಗೆ ಎತ್ತಿ ಕುಣಿಯುತ್ತಿದ್ದರು.

ಗೆಳೆಯ ಏನೂ ಮಾತಾಡಲಿಲ್ಲ. ಆ ಐದಾರು ಸೆಕೆಂಡನ್ನು ಹಿಂದಕ್ಕೆ ಹಾಕಿ ಹಾಕಿ ನೋಡಿದ.

ನೋಡಿ ಗೆಳೆಯರೇ, ನಾವು ಬೈಯುವ ಕಪ್ಪು ಪಟ್ಟಿ ಅಂದರೆ ಇದು. ಕ್ಯಾಮೆರಾಮನ್ ಇಟ್ಟ ಚೌಕಟ್ಟಿನಲ್ಲಿ ಯಾರನ್ನೂ ಹೊರಗೆ ದಬ್ಬಿಲ್ಲ ಎಂಬುದಕ್ಕೆ ಅದೇ ರಸೀದಿ!

ಕಪ್ಪು ಕಪ್ಪಾಗಿರಬೇಕು

ಮೂರನೆಯದು ಕತ್ತಲೆಯ ವಿಚಾರ. ನಮ್ಮ ಮೈಸೂರಿನವರು ವಿ.ಕೆ. ಮೂರ್ತಿ. ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್ಕಿನಲ್ಲಿ ಛಾಯಾಗ್ರಹಣ ಕಲಿತು, ಮುಂಬೈಗೆ ಹೋಗಿ ಗುರುದತ್ತರ ಕಣ್ಣೇ ಆದರು. ಛಾಯಾಗ್ರಾಹಕನೊಬ್ಬನಿಗೆ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಬಂದದ್ದು ಇವರಿಗೇ ಮೊದಲು, 2008ನೇ ಸಾಲಿನದು. 'ಕಾಗಜ್ ಕೆ ಫೂಲ್' ಚಿತ್ರದಲ್ಲಿ ಕನ್ನಡಿಗಳನ್ನು ಇಟ್ಟು ಹೊರಗಿನ ಬಿಸಿಲನ್ನೇ ಸ್ಟುಡಿಯೋ ಒಳಗೆ ತಿರುಗಿಸಿ, ಕತ್ತಲೆಯ ನಡುವೆ ಒಂದು ಬೆಳಕಿನ ಕೋಲು ಇಳಿಸಿದರಲ್ಲ, ಆ ಹಾಡನ್ನು ಇವತ್ತಿಗೂ ಛಾಯಾಗ್ರಹಣದ ಹುಡುಗರು ಪಾಠದ ಹಾಗೆ ನೋಡುತ್ತಾರೆ.

ಆ ಕೋಲು ಬೆಳ್ಳಗೆ ಕಾಣುವುದು ಯಾಕೆ? ಸುತ್ತ ಕತ್ತಲೆ ಇರುವುದಕ್ಕೆ! ಆ ಕತ್ತಲೆ ನಿಮ್ಮ ತೆರೆಯ ಮೇಲೆ ಬೂದಿಯಾದರೆ ಮೂರ್ತಿಯವರ ಬಿಸಿಲು ಬರೀ ಟ್ಯೂಬ್‌ಲೈಟು.

ಬೂದಿ ಆಗುವುದು ಹೇಗೆ ಕೇಳಿ. ಕಂಪ್ಯೂಟರ್ ಬೆಳಕನ್ನು 0ಯಿಂದ 255ರವರೆಗೆ ಎಣಿಸುತ್ತದೆ. 0 ಅಂದರೆ ಕಗ್ಗತ್ತಲೆ, 255 ಅಂದರೆ ಬೆಳ್ಳನೆ ಬಿಳುಪು. ಸಿನಿಮಾ ಫೈಲುಗಳು ಮಾತ್ರ ಟಿವಿಯ ಹಳೆ ಪದ್ಧತಿಯಂತೆ 16ರಿಂದ 235ರವರೆಗೆ ಎಣಿಸುತ್ತವೆ. ಪ್ಲೇಯರ್ ಆದದ್ದು ಈ 16ನ್ನು 0ಗೆ ಇಳಿಸಿ, 235ನ್ನು 255ಕ್ಕೆ ಏರಿಸಿ ಕೊಡಬೇಕು. ನಡುವೆ ಯಾರೋ ಒಬ್ಬರು ಈ ಲೆಕ್ಕ ಮರೆತರೆ ಕಪ್ಪು ಬೂದಿಯಾಗುತ್ತದೆ. ಇಬ್ಬರು ಎರಡೆರಡು ಸಲ ಮಾಡಿದರೆ ನೆರಳಿನಲ್ಲಿದ್ದ ಮುಖ, ಕಪ್ಪು ಕೋಟು, ತಲೆಗೂದಲು ಎಲ್ಲ ಒಂದೇ ಡಾಂಬರು.

ತಪ್ಪು ಎಲ್ಲಿದೆ ಎಂದು ಹಿಡಿಯುವುದು ಸುಲಭ. ರಾತ್ರಿ ದೀಪ ಆರಿಸಿ, ಪೂರ್ತಿ ಕಪ್ಪು ಬಣ್ಣದ ಒಂದು ಚಿತ್ರವನ್ನು ಡೆಸ್ಕ್‌ಟಾಪಿಗೆ ಹಾಕಿ ನೋಡಿ. ಆಮೇಲೆ ಚಿತ್ರದೊಳಗಿನ ಕಗ್ಗತ್ತಲೆಯ ಸೀನು ನೋಡಿ.

ಡೆಸ್ಕ್‌ಟಾಪಿನ ಕಪ್ಪೂ ಬೂದಿಯಾಗಿದ್ದರೆ ಕಂಪ್ಯೂಟರಿಗೂ ಮಾನಿಟರಿಗೂ ಹೊಂದಿಕೆ ಇಲ್ಲ ಎಂದು ಅರ್ಥ. ಎಚ್‌ಡಿಎಂಐ ಕೇಬಲ್ ಹಾಕಿದವರಲ್ಲಿ ಇದು ಹೆಚ್ಚು. ಎನ್‌ವಿಡಿಯಾ ಇದ್ದರೆ ಅದರ ಕಂಟ್ರೋಲ್ ಪ್ಯಾನೆಲಿನಲ್ಲಿ ರೆಸಲ್ಯೂಷನ್ ಬದಲಿಸುವ ಪುಟದಲ್ಲೇ 'ಔಟ್‌ಪುಟ್ ಡೈನಾಮಿಕ್ ರೇಂಜ್' ಅಂತ ಇದೆ. ಇಂಟೆಲ್ಲಿನಲ್ಲಿ 'ಕ್ವಾಂಟೈಸೇಷನ್ ರೇಂಜ್'. ಎಎಂಡಿಯಲ್ಲಿ 'ಪಿಕ್ಸೆಲ್ ಫಾರ್ಮ್ಯಾಟ್'. ಮಾನಿಟರಿಗಾದರೆ 'ಫುಲ್' ಆರಿಸಿ. ಟಿವಿಗೆ ಜೋಡಿಸಿದ್ದರೆ ಟಿವಿಯ ಮೆನುವಿನಲ್ಲಿ 'ಎಚ್‌ಡಿಎಂಐ ಬ್ಲ್ಯಾಕ್ ಲೆವೆಲ್' ಹುಡುಕಿ, ಎರಡೂ ಕಡೆ ತಾಳೆಯಾಗುವ ಹಾಗೆ ಬದಲಿಸಿ.

ಡೆಸ್ಕ್‌ಟಾಪ್ ಕಪ್ಪಗಿದ್ದು ಸಿನಿಮಾ ಮಾತ್ರ ಬೂದಿಯಾಗಿದ್ದರೆ? ತಪ್ಪು ಪ್ಲೇಯರಿನ ಬದಿಯಲ್ಲಿದೆ. ಎನ್‌ವಿಡಿಯಾ ಪ್ಯಾನೆಲಿನಲ್ಲಿ ವಿಡಿಯೋ ಬಣ್ಣದ ಪುಟಕ್ಕೆ ಹೋಗಿ ರೇಂಜನ್ನು 0-255 ಮಾಡಿ. ಅಥವಾ ವಿಎಲ್‌ಸಿಯ ವಿಡಿಯೋ ಸೆಟ್ಟಿಂಗಿನಲ್ಲಿ 'ಯುಯುವಿ' ಅಲ್ಲ, 'ವೈಯುವಿ'ಯಿಂದ 'ಆರ್‌ಜಿಬಿ'ಗೆ ಹಾರ್ಡ್‌ವೇರ್ ಬದಲಾವಣೆ ಎಂಬ ಸಾಲಿನ ಟಿಕ್ ತೆಗೆದು ನೋಡಿ. ಬ್ರೈಟ್‌ನೆಸ್ ತಿರುಗಿಸಿ ತೇಪೆ ಹಾಕಬೇಡಿ. ಒಂದು ಕಡೆ ಮುಚ್ಚಿದರೆ ಇನ್ನೊಂದು ಕಡೆ ಹರಿಯುತ್ತದೆ.

ತುಮಕೂರಿನ ಆಪರೇಟರ್ ಹೇಳಿದ್ದು

ತುಮಕೂರಿನಲ್ಲಿ ಒಬ್ಬ ಹಿರಿಯರನ್ನು ಭೇಟಿ ಮಾಡಿದೆ. ಕಾರ್ಬನ್ ಕಡ್ಡಿ ಉರಿಸಿ ಸಿನಿಮಾ ತೋರಿಸುತ್ತಿದ್ದ ಕಾಲದಿಂದ ಕ್ಯಾಬಿನ್ನಿನಲ್ಲಿ ದುಡಿದವರು. ಈಗ ಮೊಮ್ಮಗನ ಲ್ಯಾಪ್‌ಟಾಪಿನಲ್ಲಿ ಹಳೆ ಚಿತ್ರ ನೋಡುತ್ತಾರೆ.

"ಯಜಮಾನ್ರೇ, ಈ ಚಿಕ್ಕ ತೆರೆಯಲ್ಲಿ ಚೆನ್ನಾಗಿ ಕಾಣ್ಬೇಕಂದ್ರೆ ಏನು ಮಾಡ್ಬೇಕು?" ಅಂದೆ.

"ಮೊದ್ಲು ಆ ಟ್ಯೂಬ್‌ಲೈಟ್ ಆರಿಸು ಮರಿ," ಅಂದರು. "ಥಿಯೇಟರ್ ಬಾಗಿಲಿಗೆ ಎರಡು ಪರದೆ ಯಾಕೆ ಹಾಕ್ತಿದ್ದರು? ಒಂದು ಗೆರೆ ಬೆಳಕು ಒಳಗೆ ಬಂದ್ರೂ ತೆರೆ ಸತ್ತೋಗ್ತದೆ ಕಣಪ್ಪ. ನೀವು ಬೆನ್ನ ಹಿಂದೆ ಕಿಟಕಿ ತೆಗೆದುಕೊಂಡು ಕೂತು ಪಿಕ್ಚರ್ ಚೆನ್ನಾಗಿಲ್ಲ ಅಂತೀರಿ!"

ಎಷ್ಟು ಸತ್ಯ! ತೆರೆಗೆ ನೇರವಾಗಿ ಬೀಳುವ ಬೆಳಕು ಆರಿಸಿ. ಕಣ್ಣು ನೋಯದಿರಲೆಂದು ಮಾನಿಟರಿನ ಹಿಂದೆ ಗೋಡೆಯ ಕಡೆಗೆ ಒಂದು ಮಂದ ದೀಪ ಇದ್ದರೆ ಸಾಕು. ಆಮೇಲೆ ಮಾನಿಟರ್ ಗುಂಡಿಗಳಿಗೆ ಬನ್ನಿ. 'ವಿವಿಡ್', 'ಡೈನಾಮಿಕ್', 'ಗೇಮ್' ಎಂಬ ಬಣ್ಣಬಣ್ಣದ ಹೆಸರುಗಳೆಲ್ಲ ಅಂಗಡಿಯಲ್ಲಿ ಕಣ್ಣು ಕುಕ್ಕಲು ಇರುವವು. 'ಎಸ್‌ಆರ್‌ಜಿಬಿ', 'ಸಿನಿಮಾ' ಅಥವಾ ಟಿವಿಗಳಲ್ಲಿ 2020ರಿಂದ ಬಂದ 'ಫಿಲ್ಮ್‌ಮೇಕರ್ ಮೋಡ್' ಇದ್ದರೆ ಅದನ್ನು ಹಾಕಿ. ಶಾರ್ಪ್‌ನೆಸ್ ಜಾಸ್ತಿ ಮಾಡಿದರೆ ವಿವರ ಹೆಚ್ಚಾಗುವುದಿಲ್ಲ, ಮುಖದ ಸುತ್ತ ಬಿಳಿ ಗೆರೆ ಏಳುತ್ತದೆ ಅಷ್ಟೇ. ಆ ಗೆರೆ ಹೋಗುವವರೆಗೆ ಇಳಿಸಿ. ನಾಯಕಿಗೆ ಕಾಮಾಲೆ ಬಂದಿದ್ದರೆ ವಿಂಡೋಸಿನ 'ನೈಟ್ ಲೈಟ್' ಆನ್ ಇದೆಯೇ ನೋಡಿ. ರಾತ್ರಿ ಕಣ್ಣಿಗೆ ತಂಪೆಂದು ಇಡೀ ತೆರೆಯನ್ನೇ ಹಳದಿ ಮಾಡುವುದು ಅದೇ!

ಹಳೆ ಲ್ಯಾಪ್‌ಟಾಪಿನವರಿಗೆ ಇನ್ನೊಂದು ಮಾತು. ಅಗ್ಗದ ತೆರೆಗಳಲ್ಲಿ ತಲೆ ಮೇಲೆ ಕೆಳಗೆ ಆಡಿಸಿದರೆ ಕಪ್ಪು ಬಿಳುಪೇ ಬದಲಾಗುತ್ತದೆ. ತೆರೆಯನ್ನು ಮುಖಕ್ಕೆ ನೇರವಾಗಿ ನಿಲ್ಲಿಸಿಕೊಳ್ಳಿ. ಮುಂದೊಂದು ದಿನ ಕಾಸು ಕೂಡಿದರೆ ಕಾರ್ಡಿಗಿಂತ ಮೊದಲು ಒಳ್ಳೆಯ ಐಪಿಎಸ್ ಮಾನಿಟರ್ ತನ್ನಿ.

24ಕ್ಕೂ 60ಕ್ಕೂ ಜಗಳ

ನಾಲ್ಕನೆಯದು ಬಿಕ್ಕಳಿಕೆ. ಸಿನಿಮಾ ಸೆಕೆಂಡಿಗೆ 24 ಫ್ರೇಮು. ಸಾಮಾನ್ಯ ಮಾನಿಟರ್ ಸೆಕೆಂಡಿಗೆ 60 ಸಲ ಚಿತ್ರ ಬದಲಿಸುತ್ತದೆ. 60ನ್ನು 24ರಿಂದ ಭಾಗಿಸಿ ನೋಡೋಣ? ಎರಡೂವರೆ! ಅರ್ಧ ಸಲ ತೋರಿಸುವುದು ಸಾಧ್ಯವೇ? ಅದಕ್ಕೆ ಕಂಪ್ಯೂಟರ್ ಒಂದು ಫ್ರೇಮನ್ನು ಎರಡು ಸಲ, ಮುಂದಿನದನ್ನು ಮೂರು ಸಲ ತೋರಿಸುತ್ತಾ ಹೋಗುತ್ತದೆ. ಕುಂಟನ ನಡಿಗೆ! ಕ್ಯಾಮೆರಾ ನಿಧಾನವಾಗಿ ಎಡದಿಂದ ಬಲಕ್ಕೆ ತಿರುಗುವ ಶಾಟಿನಲ್ಲಿ ಇದು ಚೆನ್ನಾಗಿ ಗೊತ್ತಾಗುತ್ತದೆ. ಥಿಯೇಟರಿನ ಹಳೆ ಪ್ರೊಜೆಕ್ಟರಿನಲ್ಲಿ ಪ್ರತಿ ಫ್ರೇಮಿಗೂ ಸಮನಾಗಿ ಎರಡೆರಡು ಸಲ ಬೆಳಕು ಹಾಯುತ್ತಿತ್ತು; ಸೆಕೆಂಡಿಗೆ 48. ಅದಕ್ಕೇ ಅಲ್ಲಿ ಕುಂಟು ಇರಲಿಲ್ಲ.

ವಿಂಡೋಸಿನ ಡಿಸ್‌ಪ್ಲೇ ಸೆಟ್ಟಿಂಗಿನಲ್ಲಿ 'ಅಡ್ವಾನ್ಸ್ಡ್ ಡಿಸ್‌ಪ್ಲೇ'ಗೆ ಹೋಗಿ ರಿಫ್ರೆಶ್ ರೇಟ್ ನೋಡಿ. 24, 48, 72, 120, 144 ಇವುಗಳಲ್ಲಿ ಯಾವುದಿದ್ದರೂ ಸಿನಿಮಾ ನೋಡುವಾಗ ಅದನ್ನು ಆರಿಸಿ; ಎಲ್ಲವೂ 24ರ ಮಗ್ಗಿಯಲ್ಲಿ ಬರುತ್ತವೆ. ನಮ್ಮ ವಿಸಿಡಿ, ಡಿವಿಡಿಗಳು ಬಹುತೇಕ ಸೆಕೆಂಡಿಗೆ 25 ಫ್ರೇಮಿನವು. ಅವಕ್ಕೆ 50 ಅಥವಾ 75 ಹಾಕಿ. 60 ಬಿಟ್ಟರೆ ಬೇರೆ ಇಲ್ಲವೇ? ಚಿಂತೆ ಬೇಡ, ಸಣ್ಣ ಕುಂಟು, ಕಣ್ಣಿಗೆ ರೂಢಿಯಾಗುತ್ತದೆ. ಟಿವಿಯವರು ಮಾತ್ರ 'ಮೋಷನ್ ಸ್ಮೂತಿಂಗ್' ಎಂಬ ಮಹಾಶಯನನ್ನು ಆಫ್ ಮಾಡಿ. ಇಲ್ಲದ ಫ್ರೇಮನ್ನು ತಾನೇ ಹುಟ್ಟಿಸಿ ದೊಡ್ಡ ಸಿನಿಮಾವನ್ನು ಧಾರಾವಾಹಿಯ ಹಾಗೆ ಮಾಡುವವನು ಅವನೇ!

ಓಡುವವರ ಕೈಕಾಲಿನ ಅಂಚು ಬಾಚಣಿಗೆಯ ಹಲ್ಲಿನ ಹಾಗೆ ಸೀಳಿಕೊಂಡರೆ ಅದು ಬೇರೆ ರೋಗ. ಟಿವಿಯಿಂದ ಇಳಿಸಿಕೊಂಡ ಚಿತ್ರಗಳಲ್ಲಿ ಒಂದು ಫ್ರೇಮನ್ನು ಬೆಸ ಗೆರೆ, ಸಮ ಗೆರೆ ಎಂದು ಎರಡು ಭಾಗ ಮಾಡಿರುತ್ತಾರೆ. ವಿಎಲ್‌ಸಿಯಲ್ಲಿ 'ಡಿ' ಒತ್ತಿ. ಹಲ್ಲು ಮಾಯ! ಇನ್ನು ಚಿತ್ರ ನಿಂತು ನಿಂತು ಓಡಿದರೆ, ಫೈಲು ಎಚ್‌ಇವಿಸಿ ಎಂಬ ಹೊಸ ಪದ್ಧತಿಯದೋ ನೋಡಿ. ಹಳೆ ಚಿಪ್ಪುಗಳಿಗೆ ಅದು ಎತ್ತಲಾರದ ಮೂಟೆ. ಇಂಟೆಲ್ಲಿನಲ್ಲಿ ಆರನೇ ತಲೆಮಾರಿನಿಂದ ಈಚಿನವಕ್ಕೆ ಮಾತ್ರ ಸಲೀಸು, ಅದರಲ್ಲೂ 10 ಬಿಟ್ ಫೈಲಾದರೆ ಏಳನೆಯದರಿಂದ. ಅದೇ ಚಿತ್ರದ ಎಚ್.264 ಪ್ರತಿ ಸಿಕ್ಕರೆ ಹಳೆ ಕಂಪ್ಯೂಟರಿಗೆ ಅದೇ ಲೇಸು. ಹಾಗೇ 'ಎಚ್‌ಡಿಆರ್' ಎಂದಿರುವ ಫೈಲು ಮಾಮೂಲಿ ಮಾನಿಟರಿನಲ್ಲಿ ತೊಳೆದ ಬಟ್ಟೆಯ ಹಾಗೆ ಬಿಳುಚಿಕೊಂಡರೆ ಮಾಮೂಲಿ ಪ್ರತಿಯನ್ನೇ ನೋಡಿ.

ಚಿಕ್ಕದನ್ನು ದೊಡ್ಡದು ಮಾಡುವ ವಿದ್ಯೆ

ಇಷ್ಟಾದ ಮೇಲೆ ಉಳಿಯುವುದು ಒಂದು ಚುಕ್ಕೆಯನ್ನು ಇಪ್ಪತ್ತು ಮಾಡುವ ಕೆಲಸ. ಇದರಲ್ಲೂ ಒಳ್ಳೆಯ ಅಡುಗೆಯವನು, ಕೆಟ್ಟ ಅಡುಗೆಯವನು ಇದ್ದಾನೆ. ಎಂಪಿವಿ ಎಂಬ ಪುಕ್ಕಟೆ ಪ್ಲೇಯರ್ ಈ ಕೆಲಸದಲ್ಲಿ ಗಟ್ಟಿಗ. ನೋಡಲು ಗುಂಡಿಗಳಿಲ್ಲದ ಬೋಳು ಕಿಟಕಿ. ಅದರ ಸೆಟ್ಟಿಂಗ್ ಫೈಲಿನಲ್ಲಿ ಇಂಗ್ಲಿಷ್ ಅಕ್ಷರದಲ್ಲಿ 'ಪ್ರೊಫೈಲ್', ಸಮ ಚಿಹ್ನೆ, 'ಹೈ-ಕ್ವಾಲಿಟಿ' ಎಂದು ಜಾಗ ಬಿಡದೆ ಒಂದೇ ಸಾಲು ಬರೆದರೆ ಚುಕ್ಕೆಗಳನ್ನು ನಯವಾಗಿ ಹಿಗ್ಗಿಸುತ್ತದೆ. ಆಕಾಶ, ಮಂಜು ಬಂದ ಕಡೆ ಬಣ್ಣ ಮೆಟ್ಟಿಲು ಮೆಟ್ಟಿಲಾಗಿ ಕಾಣುವುದನ್ನೂ ತಗ್ಗಿಸುತ್ತದೆ. ಓಡುವಾಗ 'ಐ' ಒತ್ತಿದರೆ ಎಷ್ಟು ಫ್ರೇಮು ಬಿದ್ದುಹೋಯಿತು ಎಂದು ತೋರಿಸುತ್ತದೆ. ತುಂಬ ಬೀಳುತ್ತಿದ್ದರೆ ನಿಮ್ಮ ಕಂಪ್ಯೂಟರಿಗೆ ಭಾರವಾಯಿತು ಎಂದರ್ಥ, ಆ ಸಾಲು ಅಳಿಸಿಬಿಡಿ.

ಆಮೇಲೆ ಈಗಿನ ಎಐ. ಗೆಳೆಯ ಅದನ್ನೂ ಬಿಡಲಿಲ್ಲ. ವಿಸಿಡಿಯ ಆ ಐದಾರು ಸೆಕೆಂಡನ್ನು ಎಐ ತಂತ್ರಾಂಶಕ್ಕೆ ಕೊಟ್ಟ. ರಾತ್ರಿಯಿಡೀ ಕಂಪ್ಯೂಟರ್ ಬಿಸಿಯಾಗಿ ಒಂದು ಚಿತ್ರ ಕೊಟ್ಟಿತು. ಕಣ್ಣು, ಮೂಗು, ಮೀಸೆ ಎಲ್ಲ ಚೊಕ್ಕ! ತೆರೆಗೆ ಹತ್ತಿರ ಬಗ್ಗಿ ಒಂದು ನಿಮಿಷ ನೋಡಿದ.

"ಇದು ನಮ್ಮಪ್ಪ ಅಲ್ಲ ಗುರು. ಯಾರೋ ಬೇರೆ," ಅಂದ.

ನಿಜ. ಸ್ಕೋಪ್ ಚಿತ್ರವನ್ನು ವಿಸಿಡಿಯೊಳಗೆ ಪಟ್ಟಿ ಸಮೇತ ಕೂರಿಸಿದರೆ ಚಿತ್ರಕ್ಕೆ ಸಿಗುವುದು ಸುಮಾರು 163 ಗೆರೆ ಮಾತ್ರ. ಅದರಲ್ಲಿ ಗುಂಪಿನ ನಡುವಿನ ಒಂದು ಮುಖಕ್ಕೆ ಬೆರಳೆಣಿಕೆಯಷ್ಟು ಚುಕ್ಕೆ. ಉಳಿದದ್ದನ್ನು ಎಐ ತಾನು ನೋಡಿದ ಸಾವಿರಾರು ಮುಖಗಳಿಂದ ಊಹಿಸಿ ತುಂಬುತ್ತದೆ. ಅದು ಚಿತ್ರ ಬರೆಯುವುದು, ಮರಳಿ ತರುವುದಲ್ಲ. ಹೆಸರಾಂತ ನಟರ ಹಳೆ ಚಿತ್ರಗಳಿಗೂ ಹೀಗೇ ಮಾಡಿ, ಮುಖವನ್ನು ಮೇಣದ ಗೊಂಬೆ ಮಾಡಿದವರಿದ್ದಾರೆ. ಗೆಳೆಯ ಆ ಫೈಲು ಅಳಿಸಿದ. ವಿಸಿಡಿಯದನ್ನೇ ಸರಿಯಾದ ಆಕಾರ, ಸರಿಯಾದ ಕಪ್ಪಿನಲ್ಲಿ, ಅರ್ಧ ತೆರೆಯಷ್ಟು ಕಿಟಕಿಯಲ್ಲಿ ಹಾಕಿ ಅಮ್ಮನನ್ನು ಕರೆದ. ಆಕೆ ಮುಖ ಹುಡುಕಲೇ ಇಲ್ಲ. "ಕಾಲು ಎತ್ತಿಡೋದು ನೋಡು, ಥೇಟ್ ಅವರೇ," ಅಂದರು. 18,000 ಉಳಿಯಿತು.

ಮೂಲದಲ್ಲಿ ಇದ್ದರೆ ಬರುತ್ತದೆ

ಹಾಗಾದರೆ ಹಳೆ ಚಿತ್ರ ನಿಜವಾಗಿ ಹೊಳೆಯುವುದೇ ಇಲ್ಲವೇ? ಹೊಳೆಯುತ್ತದೆ, ಫಿಲ್ಮು ಉಳಿದಿದ್ದರೆ! ಗಿರೀಶ್ ಕಾಸರವಳ್ಳಿಯವರ 'ಘಟಶ್ರಾದ್ಧ' 1977ರ ಕಪ್ಪು ಬಿಳುಪು ಚಿತ್ರ; ಎಸ್. ರಾಮಚಂದ್ರ ಅವರ ಛಾಯಾಗ್ರಹಣ. ಮುಂಬೈನ ಫಿಲ್ಮ್ ಹೆರಿಟೇಜ್ ಫೌಂಡೇಷನ್ ಮತ್ತು ಹಾಲಿವುಡ್ಡಿನ ಮಾರ್ಟಿನ್ ಸ್ಕಾರ್ಸೆಸೆ ಕಟ್ಟಿದ ವರ್ಲ್ಡ್ ಸಿನಿಮಾ ಪ್ರಾಜೆಕ್ಟ್ ಸೇರಿ ಅದನ್ನು 4ಕೆಯಲ್ಲಿ ಪುನರುಜ್ಜೀವನ ಮಾಡಿದವು. 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಅದು ಪ್ರದರ್ಶನವಾಯಿತು. 35 ಎಂಎಂ ಫಿಲ್ಮಿನಲ್ಲಿ ವಿಸಿಡಿಗಿಂತ ಎಷ್ಟೋ ಪಟ್ಟು ವಿವರ ಅಡಗಿರುತ್ತದೆ. ಫಿಲ್ಮನ್ನು ಫ್ರೇಮು ಫ್ರೇಮಾಗಿ ಸ್ಕ್ಯಾನ್ ಮಾಡಿ, ಗೀರು ಒರೆಸಿ ತಂದರೆ ಅದು ಹೊರಗೆ ಬರುತ್ತದೆ. ಅಲ್ಲಿ ಕಾಣುವ ಮರಳಿನಂಥ ಸಣ್ಣ ಕಣಗಳು ಕೊಳೆಯಲ್ಲ, ಫಿಲ್ಮಿನ ಚರ್ಮ. ಪ್ಲೇಯರಿನಲ್ಲಿ 'ಡಿನಾಯ್ಸ್' ಹಾಕಿ ಅದನ್ನು ಉಜ್ಜಿ ಹಾಕಬೇಡಿ.

ಎಲ್ಲ ಕನ್ನಡ ಚಿತ್ರಗಳಿಗೂ ಆ ಅದೃಷ್ಟ ಇಲ್ಲ. ಎಷ್ಟೋ ಚಿತ್ರಗಳಿಗೆ ನಮ್ಮ ನಿಮ್ಮ ಕೈಗೆಟುಕುವ ಗುರುತು ಎಂದರೆ ಟ್ರಂಕಿನಲ್ಲಿರುವ ಒಂದು ವಿಸಿಡಿ. ಅದು ಗುಜರಿಗೆ ಹೋಗುವ ಮೊದಲು ಒಂದು ಕೆಲಸ ಮಾಡಿ. ಡಿಸ್ಕನ್ನು ಮೆತ್ತನೆ ಬಟ್ಟೆಯಿಂದ ನಡುವಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಿ. ಸುತ್ತ ಸುತ್ತ ಉಜ್ಜಬೇಡಿ. ಒಳಗೆ 'ಎಂಪೆಗ್‌ಎವಿ' ಎಂಬ ಫೋಲ್ಡರಿನಲ್ಲಿ 'ಡ್ಯಾಟ್' ಎಂದು ಕೊನೆಯಾಗುವ ದೊಡ್ಡ ಫೈಲು ಇರುತ್ತದೆ. ಅದನ್ನು ಹಾಗೇ ಕಂಪ್ಯೂಟರಿಗೆ ನಕಲು ಮಾಡಿಕೊಳ್ಳಿ, ವಿಎಲ್‌ಸಿ ಅದನ್ನು ಓಡಿಸುತ್ತದೆ. ದೊಡ್ಡದು ಮಾಡಬೇಡಿ, ಕತ್ತರಿಸಬೇಡಿ, ಪಟ್ಟಿ ತೆಗೆಯಬೇಡಿ. ಇನ್ನೊಂದು ಪ್ರತಿ ಬೇರೆ ಡ್ರೈವಿನಲ್ಲೂ ಇರಲಿ.

ಇಂದು ರಾತ್ರಿಯೇ ಒಂದು ಚಿತ್ರ ಹಾಕಿ. ಟ್ಯೂಬ್‌ಲೈಟ್ ಆರಿಸಿ, ಚಕ್ರ ಗುಂಡಗಿದೆಯೇ ನೋಡಿ, ಕಪ್ಪು ಕಪ್ಪಾಗಿದೆಯೇ ನೋಡಿ, ಆಮೇಲೆ ಕಾಲು ಚಾಚಿ ಕೂತುಕೊಳ್ಳಿ. ಚೌಕಟ್ಟಿನ ಅಂಚಿನಲ್ಲಿ ನಿಂತವರ ಮೇಲೂ ಒಂದು ಕಣ್ಣಿರಲಿ. ಅವರಿಗೂ ಮನೆ ಮಕ್ಕಳಿದ್ದಾರೆ!